ಸಕ್ಯುಲೆಂಟ್ ಕುಂಡಗಳಿಗೆ ಇರುವೆ: ಅರಿಶಿನ, ಸೀಮೆಸುಣ್ಣ, ಬೂದಿ ಎಲ್ಲ ಆಯಿತು, ಇನ್ನೇನು?

ಬಿಜೈ ಬಾಲ್ಕನಿ · ಜುಲೈ 6

ಮನೆ ಮಂಗಳೂರಿನ ಬಿಜೈಯಲ್ಲಿ, ಮೂರನೆಯ ಮಹಡಿ. ಪಶ್ಚಿಮದ ಬಾಲ್ಕನಿಯಲ್ಲಿ 34 ಕುಂಡಗಳಿವೆ, ಹೆಚ್ಚಿನವು ದಪ್ಪ ಎಲೆ ಕಾಂಡಗಳಲ್ಲಿ ನೀರು ಕೂಡಿಡುವ ಸಕ್ಯುಲೆಂಟ್ ಗಿಡಗಳು: ಎಚವೇರಿಯಾ, ಜೇಡ್, ಹಾವರ್ತಿಯಾ, ಎರಡು ಅಡೀನಿಯಂ, ಅಮ್ಮ ಕೊಟ್ಟ ಲೋಳೆಸರ, ಮೂಲೆಯಲ್ಲಿ ಒಂದು ಡಬ್ಬದಲ್ಲಿ ದಾಸವಾಳ. ಮಳೆ ಎರಚಬಾರದೆಂದು ಮೇಲೆ ಶೀಟು ಹಾಕಿಸಿದ್ದರಿಂದ ಗಿಡ ಕೊಳೆತು ಹೋಗುವ ಕಾಟ ಈ ವರ್ಷ ಇಲ್ಲ. ಅದರ ಬದಲಿಗೆ ಇರುವೆ. ಜೂನ್ ಮೊದಲ ವಾರದಲ್ಲಿ ಮಳೆ ಹಿಡಿದ ಮೇಲೆ ಶುರುವಾದದ್ದು, ಜಪ್ಪಯ್ಯ ಎಂದರೂ ಹೋಗುತ್ತಿಲ್ಲ. ಸಣ್ಣ ಕಪ್ಪಿರುವೆ, ಕಚ್ಚುವುದಿಲ್ಲ, ಆದರೆ ನೀರು ಹಾಕಿದೊಡನೆ ಕುಂಡದ ಒಳಗಿನಿಂದ ಉಕ್ಕಿ ಬರುತ್ತವೆ.

ಅರಿಶಿನ ಹುಡಿ ಹಾಕಿದೆ. ಎರಡು ದಿನ ಬೇರೆ ದಾರಿಯಲ್ಲಿ ಬಂದವು, ಮೂರನೆಯ ದಿನ ಅರಿಶಿನದ ಮೇಲೆಯೇ ನಡೆದವು. ಸೀಮೆಸುಣ್ಣದ ಗೆರೆ ಎಳೆದೆ, ಆ ರಾತ್ರಿಯ ಗಾಳಿ ಮಳೆಗೆ ಗೆರೆ ತೊಳೆದುಹೋಯಿತು. ಕೆಳಗಿನ ಮನೆಯವರು ಚಿಮಿಣಿ ಎಣ್ಣೆ ಸುರಿಯಿರಿ ಎಂದರು, ಪುಣ್ಯಕ್ಕೆ ಸುರಿಯಲಿಲ್ಲ.

ಎಚವೇರಿಯಾದ ಎಲೆಗಳ ಸಂದಿಯಲ್ಲಿ ಹತ್ತಿಯಂಥ ಬಿಳಿ ಏನೋ ಕಾಣುತ್ತಿದೆ. ಜೇಡ್ ಗಿಡದಲ್ಲಿ ಸ್ವಲ್ಪ ದೊಡ್ಡವೂ ಇದ್ದವು, ಬಿಳಿ ನೂಲಿನ ಕೂದಲು ಬಿಟ್ಟುಕೊಂಡು ಚುರುಕಾಗಿ ಓಡುತ್ತಿದ್ದವು. ಅವನ್ನೆಲ್ಲ ಹಿಡಿದು ಹಿಚುಕಿದೆ. ಇರುವೆಯೇ ಆ ಬಿಳಿಯದನ್ನು ತಂದದ್ದೋ, ಅದಿದೆ ಎಂದು ಇರುವೆ ಬಂದದ್ದೋ? ಯಾವುದನ್ನು ಮೊದಲು ಓಡಿಸಬೇಕು?

ಕುಂಜಿಬೆಟ್ಟು ದೊಡ್ಡಮ್ಮ · ಜುಲೈ 6

ಒಲೆಯ ಬೂದಿ ಜರಡಿ ಹಿಡಿದು ಎಲೆಯ ಮೇಲೆ ಉದುರಿಸು ಮಗಳೇ. ನಾವು ಬಸಳೆಗೆ, ಅಲಸಂಡೆಗೆ ಅದನ್ನೇ ಮಾಡುವುದು. ಒಂದು ರೂಪಾಯಿ ಖರ್ಚಿಲ್ಲ.

ಬಿಜೈ ಬಾಲ್ಕನಿ · ಜುಲೈ 6

ದೊಡ್ಡಮ್ಮ, ನಮ್ಮಲ್ಲಿ ಒಲೆ ಎಲ್ಲಿ? ಆದರೂ ಅತ್ತೆಯ ಮನೆಯಿಂದ ತರಿಸಿ ಒಂದು ಕುಂಡಕ್ಕೆ ಹಾಕಿ ನೋಡಿದ್ದೆ. ಬೂದಿ ಎಲೆಗೆ ಅಂಟಿ ಕೂತಿತು, ಒರೆಸಲು ಹೋದರೆ ಎಲೆಯ ಮೇಲಿನ ಬೂದುಬಣ್ಣದ ಹೊಳಪೂ ಜೊತೆಗೆ ಬಂದಿತು.

ಬ್ರಹ್ಮಾವರದ ತೋಟಿಗ · ಜುಲೈ 6

ಬೂದಿ ಬಸಳೆಗೆ ಸರಿ, ಎಚವೇರಿಯಾಕ್ಕೆ ಬೇಡ. ಆ ಹೊಳಪು ಗಿಡ ತಾನೇ ಹಚ್ಚಿಕೊಂಡಿರುವ ಮೇಣದ ಹುಡಿ. ಬಿಸಿಲಿಗೂ ನೀರಿಗೂ ಅದೇ ಅದರ ಕೊಡೆ. ಒಮ್ಮೆ ಒರೆಸಿಹೋದರೆ ಆ ಎಲೆಯಲ್ಲಿ ಮತ್ತೆ ಮೊದಲಿನಂತೆ ತುಂಬಿಕೊಳ್ಳುವುದಿಲ್ಲ, ಹೊಸ ಎಲೆ ಬರುವವರೆಗೆ ಬೆರಳಚ್ಚು ಹಾಗೆಯೇ ಕಾಣುತ್ತದೆ. ಅಲ್ಲದೆ ಒದ್ದೆ ಬೂದಿ ಕ್ಷಾರ.

ಈಗ ನಿಮ್ಮ ಪ್ರಶ್ನೆಗೆ. ಹತ್ತಿಯಂತೆ ಕಾಣುವುದು ಹಿಟ್ಟು ತಿಗಣೆ. ಅದು ಗಿಡದ ರಸ ಹೀರುತ್ತದೆ. ರಸದಲ್ಲಿ ಸಕ್ಕರೆ ಹೆಚ್ಚು, ಅದಕ್ಕೆ ಬೇಕಾದ ಸಾರ ಕಡಿಮೆ, ಹಾಗಾಗಿ ಬೇಕಾದದ್ದು ಸಿಗುವವರೆಗೆ ಹೀರುತ್ತಲೇ ಇದ್ದು ಉಳಿದ ಸಿಹಿಯನ್ನು ಹಿಂದಿನಿಂದ ಅಂಟು ಹನಿಯಾಗಿ ಬಿಡುತ್ತದೆ. ಇರುವೆಗೆ ಬೇಕಾದದ್ದು ಆ ಹನಿ. ಇರುವೆಯ ಪಾಲಿಗೆ ಹಿಟ್ಟು ತಿಗಣೆ ಎಂದರೆ ಹಟ್ಟಿಯಲ್ಲಿ ಕಟ್ಟಿದ ದನ. ಮೀಸೆಯಿಂದ ಸವರಿದರೆ ಹನಿ ಬಿಡುತ್ತದೆ, ಇರುವೆ ಕುಡಿದು ಗೂಡಿಗೆ ಒಯ್ಯುತ್ತದೆ. ದನ ಕಾಯುವವರು ಹುಲ್ಲಿರುವಲ್ಲಿಗೆ ಅಟ್ಟಿಕೊಂಡು ಹೋಗುವುದಿಲ್ಲವೇ, ಹಾಗೆ ಇರುವೆಯೂ ತಿಗಣೆಯ ಮರಿಗಳನ್ನು ಬಾಯಲ್ಲಿ ಕಚ್ಚಿ ಹೊಸ ಚಿಗುರಿಗೆ, ಹೊಸ ಕುಂಡಕ್ಕೆ ಸಾಗಿಸುತ್ತದೆ. ತಿಗಣೆಯನ್ನು ತಿನ್ನಲು ಬರುವ ಹುಳುಗಳನ್ನು ಓಡಿಸುತ್ತದೆ.

ಆದ್ದರಿಂದ ಯಾವುದು ಮೊದಲು ಎಂದರೆ ಎರಡೂ ಒಟ್ಟಿಗೆ. ಇರುವೆಯನ್ನು ಮಾತ್ರ ಓಡಿಸಿದರೆ ತಿಗಣೆ ಉಳಿಯುತ್ತದೆ, ತಿಗಣೆಯನ್ನು ಮಾತ್ರ ಒರೆಸಿದರೆ ಇರುವೆ ನಾಳೆ ಬೇರೆ ಕಡೆಯಿಂದ ತಂದು ಕೂರಿಸುತ್ತದೆ.

ಒಂದು ಕೆಲಸ ಮಾಡಿ. ಇರುವೆ ಅತಿ ಹೆಚ್ಚಿರುವ ಕುಂಡ ಯಾವುದೋ ಅದನ್ನು ಬೋರಲು ಹಾಕಿ ಗಿಡವನ್ನು ಬೇರು ಸಮೇತ ಹೊರಗೆ ತೆಗೆದು ನೋಡಿ. ಮೇಲೆ ಏನೂ ಇಲ್ಲದ ಗಿಡವಾದರೂ ಪರವಾಗಿಲ್ಲ. ಮೇಲೆ ಏನೂ ಇಲ್ಲದಿದ್ದರಂತೂ ನೋಡಲೇಬೇಕು.

ಮಲ್ಪೆ ಗಾಳಿ · ಜುಲೈ 6

ಇರುವೆಗೂ ಹಟ್ಟಿ ಉಂಟು, ನಮಗೆ ಮಾತ್ರ ಪ್ಯಾಕೆಟ್ ಹಾಲು.

ಬಿಜೈ ಬಾಲ್ಕನಿ · ಜುಲೈ 7

ನೋಡಿದೆ. ನೋಡಬಾರದಿತ್ತು ಎನಿಸಿತು.

ಹಾವರ್ತಿಯಾ ಆರಿಸಿದೆ, ಏಕೆಂದರೆ ಅದು ಮೇಲಿನಿಂದ ಸ್ವಚ್ಛವಾಗಿತ್ತು, ಎರಡು ತಿಂಗಳಿಂದ ಬೆಳವಣಿಗೆ ಮಾತ್ರ ನಿಂತಿತ್ತು. ಹಳೆಯ ಉದಯವಾಣಿ ಹಾಸಿ ಕುಂಡವನ್ನು ಬೋರಲು ತಟ್ಟಿದೆ. ಮಣ್ಣಿನ ಮುದ್ದೆ ಇಡಿಯಾಗಿ ಬಂದಿತು. ಮೊದಲು ಕಂಡದ್ದು ಇರುವೆಗಳು. ಅಕ್ಕಿಯ ನುಚ್ಚಿನಂಥ ಮೊಟ್ಟೆ ಮರಿಗಳನ್ನು ಕಚ್ಚಿಕೊಂಡು ದಿಕ್ಕಾಪಾಲಾಗಿ ಓಡಿದವು. ಅವು ಸರಿದ ಮೇಲೆ ನೋಡಿದರೆ ಮಣ್ಣಿನ ಅಂಚಿನಲ್ಲಿ, ಕುಂಡದ ಒಳಗೋಡೆಗೆ ತಾಗುವ ಕಡೆ, ತಲೆಹೊಟ್ಟು ಉದುರಿದಂತೆ ಬಿಳಿ ಹುಡಿ. ಬೇರಿನ ಉದ್ದಕ್ಕೂ ಅದೇ ಬಿಳಿ. ಮಗಳ ಭೂತಗನ್ನಡಿ ತಂದು ಹಿಡಿದೆ. ಎಳ್ಳಿಗಿಂತ ಚಿಕ್ಕ, ಉದ್ದುದ್ದ, ಮಂದಗತಿಯ ಬಿಳಿ ಹುಳುಗಳು. ಒಂದು ಇರುವೆ ಓಡಿದ್ದು ವಾಪಸು ಬಂದು ಒಂದನ್ನು ಬಾಯಲ್ಲಿ ಎತ್ತಿಕೊಂಡು ಪತ್ರಿಕೆಯ ಅಂಚು ದಾಟಿ ಹೋಯಿತು. ಮನೆಗೆ ಬೆಂಕಿ ಬಿದ್ದಾಗ ಮಗುವನ್ನು ಎತ್ತಿಕೊಂಡು ಓಡಿದಂತೆ.

ಮತ್ತೆ ಆರು ಕುಂಡ ತೆಗೆದೆ. ನಾಲ್ಕರಲ್ಲಿ ಇದೇ ಕಥೆ.

ಬ್ರಹ್ಮಾವರದ ತೋಟಿಗ · ಜುಲೈ 7

ಬೇರಿನ ಹಿಟ್ಟು ತಿಗಣೆ. ಕಾಳುಮೆಣಸಿನ ಬುಡದಲ್ಲಿ, ಅನಾನಸಿನ ಬುಡದಲ್ಲಿ ಇದರ ಬಂಧುಗಳು ನಮಗೆ ಹಳೆಯ ಪರಿಚಯ. ಅಲ್ಲಿಯೂ ಇರುವೆಯ ಕಾವಲು ಇದ್ದದ್ದೇ.

ಮಳೆಗಾಲದಲ್ಲಿ ಯಾಕೆ ಹೆಚ್ಚು ಎಂದರೆ, ನಮ್ಮ ಕಡೆ ನೆಲ ನಾಲ್ಕು ತಿಂಗಳು ನೀರು ಕುಡಿದು ಕೂತಿರುತ್ತದೆ. ಇರುವೆಗೆ ಒಣ ಜಾಗ ಬೇಕು. ಶೀಟಿನ ಅಡಿಯಲ್ಲಿ, ನೀರು ಕಡಿಮೆ ಕಾಣುವ, ಸಡಿಲ ಮಣ್ಣಿನ ಸಕ್ಯುಲೆಂಟ್ ಕುಂಡ ಎಂದರೆ ಬಾಡಿಗೆ ಇಲ್ಲದ ಬೆಚ್ಚನೆಯ ಮನೆ. ನೀವು ಗಿಡವನ್ನು ಮಳೆಯಿಂದ ಕಾಪಾಡಿದಿರಿ, ಇರುವೆಯನ್ನೂ ಕಾಪಾಡಿದಿರಿ.

ಹೀಗೆ ಮಾಡಿ. ಹಳೆಯ ಮಣ್ಣನ್ನು ಚೀಲಕ್ಕೆ ಕಟ್ಟಿ ಎಸೆಯಿರಿ, ದಾಸವಾಳದ ಬುಡಕ್ಕೆ ಸುರಿಯಬೇಡಿ. ಬೇರನ್ನು ನಲ್ಲಿಯ ಕೆಳಗೆ ಪೂರ್ತಿ ತೊಳೆಯಿರಿ. ಕಪ್ಪಾದ, ಮೆತ್ತಗಾದ ಬೇರನ್ನೆಲ್ಲ ಕತ್ತರಿಸಿ. ಒಂದು ಲೀಟರ್ ನೀರಿಗೆ ಐದು ಮಿಲಿ ಬೇವಿನೆಣ್ಣೆ, ಒಂದೆರಡು ಮಿಲಿ ಪಾತ್ರೆ ತೊಳೆಯುವ ದ್ರವ ಹಾಕಿ ಚೆನ್ನಾಗಿ ಕಲಕಿ ಬೇರನ್ನು ಕೆಲವು ನಿಮಿಷ ಅದ್ದಿ. ಎಲೆಗೆ ತಾಗಿಸಬೇಡಿ. ನೆರಳಿನಲ್ಲಿ ನಾಲ್ಕೈದು ದಿನ ಬೇರು ಮೇಲಾಗಿ ಒಣಗಲು ಬಿಡಿ. ಸಕ್ಯುಲೆಂಟ್ ಆದ್ದರಿಂದ ಸಾಯುವುದಿಲ್ಲ, ಹೆದರಬೇಡಿ. ಕುಂಡವನ್ನು ಸಾಬೂನಿನಿಂದ ಉಜ್ಜಿ, ಬಿಸಿನೀರು ಸುರಿದು, ಆಮೇಲೆ ಹೊಸ ಮಣ್ಣು. ಮೊದಲ ಒಂದು ವಾರ ನೀರು ಬೇಡ.

ಎಲೆಯ ಸಂದಿಯಲ್ಲಿರುವುದಕ್ಕೆ ಔಷಧದಂಗಡಿಯಲ್ಲಿ ಸಿಗುವ ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೋಹಾಲ್. ಕಿವಿಗೆ ಹಾಕುವ ಹತ್ತಿಕಡ್ಡಿ ಅದ್ದಿ ತಿಗಣೆಗೆ ಮಾತ್ರ ಮುಟ್ಟಿಸಿ. ಮೇಣ ಕರಗಿ ಕಂದು ಬಣ್ಣಕ್ಕೆ ತಿರುಗಿದರೆ ಸತ್ತಿತೆಂದು ಲೆಕ್ಕ. ಸಂಜೆ ಹೊತ್ತು ಮಾಡಿ, ಮೊದಲು ಒಂದು ಎಲೆಗೆ ಪರೀಕ್ಷಿಸಿ. ಮೊಟ್ಟೆಚೀಲದಲ್ಲಿ ನೂರಾರು ಮೊಟ್ಟೆಗಳಿರುತ್ತವೆ. ಒಮ್ಮೆ ಒರೆಸಿ ಕೈ ತೊಳೆದುಕೊಂಡರೆ ಮುಗಿಯುವುದಿಲ್ಲ. ವಾರಕ್ಕೊಮ್ಮೆ, ಕನಿಷ್ಠ ನಾಲ್ಕು ವಾರ.

ಸುರತ್ಕಲ್ ಸಂಜೆ · ಜುಲೈ 7

ಬೇವಿನೆಣ್ಣೆ ಹಚ್ಚಿ ಬಿಸಿಲಿಗೆ ಇಡಬೇಡಿ ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ಕಳೆದ ಮಾರ್ಚಿನಲ್ಲಿ ನಾನು ಬೆಳಿಗ್ಗೆ ಸಿಂಪಡಿಸಿ ಕೆಲಸಕ್ಕೆ ಹೋದೆ. ಸಂಜೆ ಬರುವಾಗ ಒಂಬತ್ತು ಎಚವೇರಿಯಾ ಬಾಣಲೆಯಲ್ಲಿ ಹುರಿದಂತೆ ಆಗಿದ್ದವು.

ಕೊರೋನಾ ಕಾಲದ ಸ್ಯಾನಿಟೈಸರ್ ಉಳಿದಿದೆಯೆಂದು ಅದನ್ನು ಹಚ್ಚಬೇಡಿ. ಗ್ಲಿಸರಿನ್ ಇರುವ ಲೋಳೆ ಎಲೆಗೆ ಮೆತ್ತಿಕೊಳ್ಳುತ್ತದೆ. ಅದನ್ನೂ ಮಾಡಿ ನೋಡಿದ ಮಹಾನುಭಾವ ನಾನೇ.

ಅಡಿಕೆ ಹಾಳೆ · ಜುಲೈ 8

ಇಷ್ಟೆಲ್ಲ ಯಾಕೆ ಮಾರಾಯರೇ? ಈಗ ತೋಟಕ್ಕೆ ಮೈಲುತುತ್ತು ಹೊಡೆಯುವ ಸಮಯ. ಒಂದು ಬಾಟಲಿ ಬೋರ್ಡೋ ದ್ರಾವಣ ತಂದು ಕುಂಡಕ್ಕೂ ಹೊಡೆದರೆ ಆಯಿತಲ್ಲ.

ಬ್ರಹ್ಮಾವರದ ತೋಟಿಗ · ಜುಲೈ 8

ಅಣ್ಣ, 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕಿ ನಾವು ಅಡಿಕೆಗೆ ಹೊಡೆಯುವುದು ಕೊಳೆರೋಗಕ್ಕೆ. ಕೊಳೆ ಬರುವುದು ಶಿಲೀಂಧ್ರದಂಥ ರೋಗಾಣುವಿನಿಂದ, ಹುಳುವಿನಿಂದ ಅಲ್ಲ. ಹಿಟ್ಟು ತಿಗಣೆ ಆ ದ್ರಾವಣಕ್ಕೆ ಕ್ಯಾರೇ ಎನ್ನುವುದಿಲ್ಲ, ಎಚವೇರಿಯಾ ಮಾತ್ರ ನೀಲಿ ಬಣ್ಣ ಬಳಿದ ಗೋಡೆಯಂತೆ ಕಾಣುತ್ತದೆ.

ಅಡಿಕೆ ಹಾಳೆ · ಜುಲೈ 8

ಸರಿ ಸರಿ. ಕೈಯಲ್ಲಿ ಸುತ್ತಿಗೆ ಇದ್ದವನಿಗೆ ಎಲ್ಲವೂ ಕೊಳೆರೋಗ.

ಹಳೆ ಹೆಂಚು · ಜುಲೈ 8

ಮಣ್ಣಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ನರ್ಸರಿಯಿಂದ ಬರುವ ಗಿಡ ಹೆಚ್ಚಾಗಿ ಪೂರ್ತಿ ತೆಂಗಿನ ನಾರಿನ ಹುಡಿಯಲ್ಲಿ ಇರುತ್ತದೆ. ಅದು ಒಣಗಿದರೆ ಇಟ್ಟಿಗೆ, ನೆನೆದರೆ ಸ್ಪಂಜು. ಬೇರಿನ ತಿಗಣೆ ಎಷ್ಟೋ ಸಲ ನಮ್ಮ ಮನೆಗೆ ಬರುವುದೇ ಆ ಕಪ್ಪು ಪ್ಲಾಸ್ಟಿಕ್ ಕುಂಡದೊಳಗೆ ಕೂತು. ಪೇಟೆಯ ಒಂದು ನರ್ಸರಿಯಿಂದ ನಾನು ತಂದ ಐದರಲ್ಲಿ ಮೂರಕ್ಕೆ ಇತ್ತು. ಅಂದಿನಿಂದ ಹೊಸ ಗಿಡ ಯಾವುದೇ ಬರಲಿ, ಮೊದಲು ಬೇರು ತೊಳೆಯುವುದು, ಆಮೇಲೆ ಒಂದು ತಿಂಗಳು ಬಚ್ಚಲ ಕಿಟಕಿಯಲ್ಲಿ ಒಂಟಿ ವಾಸ.

ನನ್ನ ಮಿಶ್ರಣದಲ್ಲಿ ಅರ್ಧದಷ್ಟು ಒಡೆದ ಹೆಂಚಿನ ಚೂರು, ಕಡಲೆಬೇಳೆಯಷ್ಟು ದೊಡ್ಡದು. ಹುಡಿಯನ್ನು ಜರಡಿ ಹಿಡಿದು ಬೇರ್ಪಡಿಸಬೇಕು, ಇಲ್ಲದಿದ್ದರೆ ಕೆಸರಾಗುತ್ತದೆ. ಹಳೆಯ ಮನೆ ಕೆಡವುವಲ್ಲಿ ಹೆಂಚಿನ ಚೂರನ್ನು ಕೇಳಿದರೆ ಕೊಡುತ್ತಾರೆ, ಒಯ್ಯಿರಿ ಎಂದು ಕೈಮುಗಿಯುತ್ತಾರೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದಾಗ ಅದರ ಚೂರಿನಲ್ಲಿ ಮೆಕ್ಸಿಕೋದ ಗಿಡ ಬೆಳೆಯುತ್ತದೆ ಎಂದು ಎಣಿಸಿರಲಿಕ್ಕಿಲ್ಲ. ಇಂಥ ಒರಟು ಮಿಶ್ರಣದಲ್ಲಿ ನೀರು ಹಾಕಿದರೆ ಸರಸರ ಇಳಿಯುತ್ತದೆ, ಇರುವೆಗೆ ಸುರಂಗ ಕೊರೆಯಲು ಮಣ್ಣು ನಿಲ್ಲುವುದಿಲ್ಲ. ಪೂರ್ತಿ ತಡೆಯುತ್ತದೆ ಎಂದು ಹೇಳಲಾರೆ, ಆದರೆ ನನ್ನ ಕುಂಡಗಳಲ್ಲಿ ಗೂಡು ಕಟ್ಟುವುದು ಬಹಳ ಕಡಿಮೆಯಾಯಿತು.

ಸುರತ್ಕಲ್ ಸಂಜೆ · ಜುಲೈ 9

ಎಲ್ಲರೂ ಹತ್ತಿಕಡ್ಡಿ ಹಿಡಿದು ಕೂರುತ್ತೀರಿ. 34 ಕುಂಡಕ್ಕೆ ಹತ್ತಿಕಡ್ಡಿ! ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕವನ್ನು ಸ್ವಲ್ಪ ನೀರಿಗೆ ಬೆರೆಸಿ ಬುಡಕ್ಕೆ ಹೊಯ್ದರೆ ಗಿಡವೇ ಅದನ್ನು ಹೀರಿಕೊಂಡು ರಸದಲ್ಲಿ ಹರಿಸುತ್ತದೆ. ರಸ ಕುಡಿದ ತಿಗಣೆ ಬೇರಿನಲ್ಲಿದ್ದರೂ ಎಲೆಯಲ್ಲಿದ್ದರೂ ಸಾಯುತ್ತದೆ. ಒಂದೇ ದಿನದ ಕೆಲಸ.

ಮಂಗರವಳ್ಳಿ · ಜುಲೈ 9

ರಸದಲ್ಲಿ ಹರಿಯುವುದು ಹೂವಿನ ಮಕರಂದಕ್ಕೂ ಬರುತ್ತದೆ. ಜೇನುನೊಣಗಳಿಗೆ ಆ ಗುಂಪಿನ ಕೀಟನಾಶಕಗಳು ಮಾಡುವ ಹಾನಿಯ ಕಾರಣಕ್ಕೇ 2018ರಲ್ಲಿ ಯುರೋಪಿನ ಒಕ್ಕೂಟ ಅದನ್ನು ಬಯಲಿನ ಬೆಳೆಗಳಿಗೆ ಬಳಸದಂತೆ ನಿಷೇಧಿಸಿತು. ಲೋಳೆಸರ ಹೂಬಿಟ್ಟಾಗ ನಮ್ಮ ಮಣಿಪಾಲದ ಮನೆಗೆ ಸೂರಕ್ಕಿ ದಿನಾ ಬರುತ್ತದೆ. ಅದರ ಬಾಯಿಗೆ ಅದನ್ನು ಹಾಕಲು ನನಗೆ ಮನಸ್ಸಿಲ್ಲ. ಲೋಳೆಸರವನ್ನು ಮನೆಯಲ್ಲಿ ಯಾರಾದರೂ ಮುಖಕ್ಕೆ, ಹೊಟ್ಟೆಗೆ ಬಳಸುವವರಿದ್ದರಂತೂ ಹತ್ತಿರವೂ ತರಬಾರದು.

ಸುರತ್ಕಲ್ ಸಂಜೆ · ಜುಲೈ 9

ಹೂವಿಲ್ಲದ, ತಿನ್ನದ, ಬಾಲ್ಕನಿಯೊಳಗಿನ ಗಿಡಕ್ಕೆ, ಕೈಗವಸು ಹಾಕಿಕೊಂಡು, ಅದೂ ಬೇರೆ ಏನೂ ನಡೆಯದಿದ್ದರೆ. ಅಷ್ಟಕ್ಕಾದರೂ ಒಪ್ಪುತ್ತೀರಾ?

ಮಂಗರವಳ್ಳಿ · ಜುಲೈ 9

ಒಪ್ಪುವುದಿಲ್ಲ, ಆದರೆ ಜಗಳವಾಡುವುದೂ ಇಲ್ಲ.

ಅಂದಹಾಗೆ ಬಿಜೈಯವರೇ, ಮೊದಲ ದಿನ ನೀವು ಬರೆದ ಒಂದು ಸಾಲು ನನ್ನ ತಲೆಯಲ್ಲಿ ಕೊರೆಯುತ್ತಿದೆ. ಜೇಡ್ ಗಿಡದಲ್ಲಿ ದೊಡ್ಡವು, ಬಿಳಿ ಕೂದಲಿನವು, ಚುರುಕಾಗಿ ಓಡುತ್ತಿದ್ದವು ಎಂದಿರಿ. ಹಿಟ್ಟು ತಿಗಣೆ ಚುರುಕಾಗಿ ಓಡುವ ಜಾತಿಯಲ್ಲ. ಇನ್ನೂ ಒಂದಾದರೂ ಉಳಿದಿದ್ದರೆ ಚಿತ್ರ ಹಾಕುತ್ತೀರಾ?

ಬಿಜೈ ಬಾಲ್ಕನಿ · ಜುಲೈ 10

ಎರಡು ಸಿಕ್ಕವು. ಚಿತ್ರ ಹಾಕಿದ್ದೇನೆ. ಕಡ್ಡಿಯಿಂದ ಮುಟ್ಟಿದರೆ ಎಲೆಯ ಹಿಂದಕ್ಕೆ ಓಡಿತು. ಉದ್ದ ಹತ್ತಿರಹತ್ತಿರ ಒಂದು ಸೆಂಟಿಮೀಟರ್. ಕೆಳಗಿನಿಂದ ನೋಡಿದರೆ ಕಾಲುಗಳು ಸ್ಪಷ್ಟವಾಗಿ ಕಾಣುತ್ತವೆ.

ಮಂಗರವಳ್ಳಿ · ಜುಲೈ 10

ಅಯ್ಯೋ. ಅವು ನಿಮ್ಮ ಕಡೆಯವು.

ಅದು ಗುಲಗಂಜಿ ಹುಳುವಿನ ಮರಿ. ಹಿಟ್ಟು ತಿಗಣೆಯನ್ನೇ ತಿಂದು ಬದುಕುವ ಜಾತಿ. ಮೈಮೇಲೆ ತಿಗಣೆಯಂತೆಯೇ ಬಿಳಿ ಮೇಣದ ನೂಲು ಹೊದ್ದು ಅವುಗಳ ನಡುವೆಯೇ ಓಡಾಡುತ್ತದೆ, ಇರುವೆಯ ಕಾವಲನ್ನು ತಪ್ಪಿಸಿಕೊಳ್ಳಲು ಆ ವೇಷ ಒಂದಿಷ್ಟು ನೆರವಾಗುತ್ತದೆ. ಬೆಳೆದರೆ ಕೆಂಪು ಚುಕ್ಕೆಯ ಹುಳು ಆಗುವುದಿಲ್ಲ, ಕಪ್ಪು ಬೆನ್ನು, ಕಿತ್ತಳೆ ಬಣ್ಣದ ತಲೆ, ಉದ್ದಿನಕಾಳಿಗಿಂತ ಸ್ವಲ್ಪ ಚಿಕ್ಕದು. ಕ್ರಿಪ್ಟೊಲೀಮಸ್ ಎಂದು ಹೆಸರು, ಮೂಲ ಆಸ್ಟ್ರೇಲಿಯಾ. ನಮ್ಮ ದೇಶಕ್ಕೆ 1898ರಲ್ಲಿ ತಂದದ್ದು ಕಾಫಿ ಗಿಡದ ಹಸಿರು ಶಲ್ಕ ಕೀಟದ ಮೇಲೆ ಬಿಡಲು. ಆ ಕೆಲಸದಲ್ಲಿ ಅದು ಹೆಸರು ಮಾಡಲಿಲ್ಲ, ಆದರೆ ಇಲ್ಲಿಯೇ ನೆಲೆಯೂರಿ ಹಿಟ್ಟು ತಿಗಣೆಗೆ ಶತ್ರುವಾಯಿತು. ಈಗ ದ್ರಾಕ್ಷಿ, ಕಾಫಿ ತೋಟಗಳಿಗೆ ಇದನ್ನು ಸಾಕಿ ಬಿಡುತ್ತಾರೆ. ನಮ್ಮದೇ ನೆಲದ ಬೇರೆ ಪುಟ್ಟ ಗುಲಗಂಜಿ ಹುಳುಗಳ ಮರಿಗಳೂ ಹೀಗೆಯೇ ಬಿಳಿ ಇರುತ್ತವೆ, ನಿಮ್ಮದು ಯಾವುದಾದರೂ ಸರಿ, ಮಾಡುವ ಕೆಲಸ ಒಂದೇ.

ಗುರುತು ಹಿಡಿಯುವುದು ಸುಲಭ. ಕಡ್ಡಿಯಿಂದ ಮುಟ್ಟಿ. ಸೋಮಾರಿಯಂತೆ ಕೂತೇ ಇದ್ದರೆ ತಿಗಣೆ, ಓಡಿದರೆ ಗುಲಗಂಜಿ ಹುಳುವಿನ ಮರಿ.

ಬಿಜೈ ಬಾಲ್ಕನಿ · ಜುಲೈ 10

ನಾನು ಹದಿನೈದಿಪ್ಪತ್ತನ್ನಾದರೂ ಹಿಚುಕಿರಬೇಕು. ಅದೂ ಹೆಮ್ಮೆಯಿಂದ, ಗಂಡನನ್ನು ಕರೆದು ತೋರಿಸಿ.

ಕುಂಜಿಬೆಟ್ಟು ದೊಡ್ಡಮ್ಮ · ಜುಲೈ 10

ಹೋಗಲಿ ಬಿಡು ಮಗಳೇ. ಗೊತ್ತಿಲ್ಲದೆ ಮಾಡಿದ್ದು. ಉಳಿದ ಎರಡನ್ನು ಜೋಪಾನ ಮಾಡು.

ಬ್ರಹ್ಮಾವರದ ತೋಟಿಗ · ಜುಲೈ 10

ಹಾಗಾದರೆ ಜೇಡ್ ಗಿಡಕ್ಕೆ ಬೇವಿನೆಣ್ಣೆಯೂ ಬೇಡ, ಆಲ್ಕೋಹಾಲೂ ಬೇಡ. ಅದೊಂದನ್ನು ಇರುವೆ ಹತ್ತದಂತೆ ಬೇರೆ ಇಡಿ. ಇರುವೆ ಇಲ್ಲದಿದ್ದರೆ ಆ ಮರಿ ತನ್ನ ಕೆಲಸ ತಾನೇ ಮಾಡುತ್ತದೆ. ನಾನು ಚಿತ್ರ ಕೇಳದೆ ಮದ್ದು ಹೇಳಿದ್ದು ತಪ್ಪಾಯಿತು.

ಬಿಜೈ ಬಾಲ್ಕನಿ · ಜುಲೈ 10

ಇರುವೆ ಹತ್ತದಂತೆ ಎಂದರೆ ಹೇಗೆ? ಅದೇ ಅಲ್ಲವೇ ನನ್ನ ಮೊದಲ ಪ್ರಶ್ನೆ?

ಕುಂಜಿಬೆಟ್ಟು ದೊಡ್ಡಮ್ಮ · ಜುಲೈ 10

ಇದು ನನಗೆ ಗೊತ್ತು. ನಮ್ಮ ಹಳೆಯ ಮನೆಯಲ್ಲಿ ಹಾಲು ಮೊಸರು ಇಡುವ ಕಪಾಟಿನ ನಾಲ್ಕು ಕಾಲಿನಡಿಯೂ ಕಲ್ಲಿನ ಬಟ್ಟಲು, ಬಟ್ಟಲು ತುಂಬ ನೀರು. ಇರುವೆ ಅಂಚಿನವರೆಗೆ ಬಂದು ತಿರುಗಿ ಹೋಗುತ್ತಿತ್ತು. ಅಗಲ ತಟ್ಟೆಯಲ್ಲಿ ನೀರು ಹಾಕಿ ನಡುವೆ ಕಲ್ಲಿಟ್ಟು ಕಲ್ಲಿನ ಮೇಲೆ ಕುಂಡ ಇಡು. ಕುಂಡದ ಬುಡ ನೀರಿಗೆ ತಾಗಬಾರದು.

ಹಳೆ ಹೆಂಚು · ಜುಲೈ 10

ದೊಡ್ಡಮ್ಮನ ಬಟ್ಟಲು ಸರಿ, ಆದರೆ ಮಂಗಳೂರಿನಲ್ಲಿ ಮಳೆಗಾಲದಲ್ಲಿ ನಿಂತ ನೀರು ಎಂದರೆ ಸೊಳ್ಳೆ, ಸೊಳ್ಳೆ ಎಂದರೆ ಮಲೇರಿಯಾ, ಡೆಂಗಿ. ನೀರಿಗೆ ನಾಲ್ಕು ಹನಿ ಸಾಬೂನು ದ್ರವ ಹಾಕಿ, ಮೂರು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿ. ಸಾಬೂನು ಇದ್ದರೆ ಇರುವೆ ಈಜಿ ದಾಟಲೂ ಆಗುವುದಿಲ್ಲ, ಮುಳುಗುತ್ತದೆ. ಇಲ್ಲವೇ ಕಬ್ಬಿಣದ ಸ್ಟ್ಯಾಂಡಿನ ಕಾಲಿಗೆ ಎರಡು ಬೆರಳಗಲ ವ್ಯಾಸಲಿನ್ ಸವರಿ. ಗಿಡದ ಕಾಂಡಕ್ಕೆ ಸವರಬೇಡಿ.

ಮುಖ್ಯವಾದ ಮಾತು: ಕುಂಡ ಗೋಡೆಗೆ ತಾಗಬಾರದು, ಎಲೆ ಪಕ್ಕದ ಗಿಡಕ್ಕೆ ತಾಗಬಾರದು. ಒಂದೇ ಒಂದು ಎಲೆ ತಾಗಿದರೂ ಅದು ಅವಕ್ಕೆ ಸೇತುವೆ.

ಮಂಗರವಳ್ಳಿ · ಜುಲೈ 11

ಗೂಡು ತುಂಬ ದೊಡ್ಡದಾಗಿದ್ದರೆ ಸಿಹಿ ವಿಷ ಇಡಬೇಕಾಗುತ್ತದೆ. ಬೋರಾಕ್ಸ್, ನಮ್ಮ ಅಕ್ಕಸಾಲಿಗರ ಬಿಳಿಗಾರ. 400 ಮಿಲಿ ಬೆಚ್ಚನೆಯ ನೀರಿಗೆ 100 ಗ್ರಾಂ ಸಕ್ಕರೆ, 5 ಗ್ರಾಂ ಬಿಳಿಗಾರ. ಹೆಚ್ಚು ಹಾಕಿದರೆ ಬೇಗ ಸಾಯುತ್ತವೆ ಎಂದು ಯಾರೂ ಕೈ ಬಿಚ್ಚಬೇಡಿ. ಬೇಗ ಸಾಯುವುದೇ ಇಲ್ಲಿ ತೊಂದರೆ. ಕುಡಿದ ಇರುವೆ ಗೂಡಿಗೆ ತಲುಪಿ ಉಳಿದವುಗಳಿಗೆ, ರಾಣಿಗೆ ಉಣಿಸುವವರೆಗೆ ಬದುಕಿರಬೇಕು. ಹತ್ತಿಗೆ ಅದ್ದಿ, ಮುಚ್ಚಳಕ್ಕೆ ತೂತು ಮಾಡಿದ ಡಬ್ಬಿಯೊಳಗೆ ಹಾಕಿ, ಇರುವೆ ಸಾಲಿನ ಪಕ್ಕದಲ್ಲಿಡಿ. ಮೊದಲ ದಿನ ಸಾಲು ಇನ್ನೂ ದಪ್ಪವಾಗುತ್ತದೆ, ಗಾಬರಿಯಾಗಿ ಸಿಂಪಡಿಸಲು ಹೋಗಬೇಡಿ. ಮಕ್ಕಳು, ಬೆಕ್ಕು ಮುಟ್ಟದ ಜಾಗದಲ್ಲಿರಲಿ, ಡಬ್ಬಿಯ ಮೇಲೆ ವಿಷ ಎಂದು ಬರೆಯಿರಿ. ಕುಂಡದ ಮಣ್ಣಿಗೆ ಸುರಿಯಬಾರದು, ಬೋರಾನ್ ಹೆಚ್ಚಾದರೆ ಗಿಡವೇ ಸುಡುತ್ತದೆ.

ಮಲ್ಪೆ ಗಾಳಿ · ಜುಲೈ 11

ನಮ್ಮ ಇರುವೆ ಸಕ್ಕರೆಯನ್ನು ಮೂಸಿಯೂ ನೋಡಲಿಲ್ಲ. ಒಣಮೀನಿನ ಹುಡಿಗೆ ಮಾತ್ರ ಓಡಿ ಬಂದಿತು. ಮಲ್ಪೆಯ ಇರುವೆ ಅಲ್ಲವೇ.

ಮಂಗರವಳ್ಳಿ · ಜುಲೈ 11

ತಮಾಷೆ ಅಲ್ಲ, ನಿಜ. ಗೂಡಿನಲ್ಲಿ ಮರಿಗಳು ಹೆಚ್ಚಿದ್ದಾಗ ಅವುಗಳಿಗೆ ಪ್ರೋಟೀನ್ ಬೇಕಾಗುತ್ತದೆ. ಆಗ ಬಿಳಿಗಾರವನ್ನು ಅದರಲ್ಲೇ ಚಿಟಿಕೆಯಷ್ಟು ಬೆರೆಸಬೇಕು.

ಅಡಿಕೆ ಹಾಳೆ · ಜುಲೈ 12

ಒಂದು ಸಂಶಯ. ನಮ್ಮ ಡ್ರ್ಯಾಗನ್ ಹಣ್ಣಿನ ಬಳ್ಳಿಯ ಮೊಗ್ಗಿನ ಮೇಲೆ ಸದಾ ಇರುವೆ. ಭೂತಗನ್ನಡಿ ಹಿಡಿದು ನೋಡಿದೆ, ತಿಗಣೆ ಇಲ್ಲ, ಗಿಡದ ರಸ ಹೀರುವ ಹೇನೂ ಇಲ್ಲ. ಹಟ್ಟಿಯೇ ಇಲ್ಲದ ಮೇಲೆ ದನ ಕಾಯುವವನಿಗೆ ಅಲ್ಲೇನು ಕೆಲಸ?

ಮಂಗರವಳ್ಳಿ · ಜುಲೈ 12

ಒಳ್ಳೆಯ ಪ್ರಶ್ನೆ. ಡ್ರ್ಯಾಗನ್ ಹಣ್ಣಿನ ಬಳ್ಳಿ, ಪಾಪಾಸುಕಳ್ಳಿ ಮೊದಲಾದ ಕೆಲವು ಕಳ್ಳಿಗಳು ಹೂವಿನಿಂದಾಚೆಗೂ ಸಿಹಿ ಹನಿ ಸುರಿಸುತ್ತವೆ, ಎಳೆ ಚಿಗುರು ಮೊಗ್ಗುಗಳ ಮೇಲೆ. ಅದು ಗಿಡವೇ ಇರುವೆಗೆ ಕೊಡುವ ಕೂಲಿ. ಕೂಲಿ ಪಡೆದ ಇರುವೆ ಎಲೆ ತಿನ್ನುವ ಹುಳುವನ್ನು ಓಡಿಸುತ್ತದೆ. ನಿಮ್ಮ ಮೊಗ್ಗಿನ ಇರುವೆಯನ್ನು ಹಾಗೆಯೇ ಬಿಡಿ.

ಬಿಳಿಯಾಗಿರುವುದೆಲ್ಲ ಹಿಟ್ಟು ತಿಗಣೆಯೂ ಅಲ್ಲ. ಪಾಪಾಸುಕಳ್ಳಿಯ ಮೇಲಿನ ಬಿಳಿ ಹತ್ತಿಯನ್ನು ಹಿಚುಕಿದಾಗ ಕೈ ರಕ್ತದಂತೆ ಕೆಂಪಾದರೆ ಅದು ಕಾಕಿನೀಲ್ ಕೀಟ, ತಿಗಣೆಯ ದಾಯಾದಿ. ಆ ಕೆಂಪಿನಿಂದಲೇ ಬಟ್ಟೆಗೆ ಬಣ್ಣ ಮಾಡುತ್ತಿದ್ದರು. 1795ರಲ್ಲಿ ಬಣ್ಣದ ವ್ಯಾಪಾರದ ಆಸೆಯಿಂದ ಬ್ರೆಜಿಲಿನಿಂದ ಅದನ್ನು ಭಾರತಕ್ಕೆ ತಂದರು. ಬಂದದ್ದು ಬಣ್ಣದ ಒಳ್ಳೆಯ ಜಾತಿ ಆಗಿರಲಿಲ್ಲ, ಬೇರೆಯದು. ಬಣ್ಣ ಸಿಗಲಿಲ್ಲ, ಆದರೆ ಆ ಹುಳು ಬಯಲು ತುಂಬಿದ್ದ ಒಂದು ಜಾತಿಯ ಪಾಪಾಸುಕಳ್ಳಿಯನ್ನು ಹೀರಿ ನೆಲಕ್ಕೆ ಕೆಡವಿತು. ಇನ್ನೊಂದು ಜಾತಿಯ ಕಳ್ಳಿ ದಕ್ಷಿಣದಲ್ಲಿ ಹಬ್ಬಿದಾಗ 1926ರಲ್ಲಿ ಸಿಂಹಳದಿಂದ ಇನ್ನೊಂದು ಕಾಕಿನೀಲ್ ತರಿಸಿದರು, ಈ ಸಲ ತಿಳಿದೇ. ಆದ್ದರಿಂದ ಕುಂಡದ ಪಾಪಾಸುಕಳ್ಳಿಗೆ ಅದು ಬಂದರೆ ಉದಾಸೀನ ಮಾಡಬೇಡಿ. ಗಟ್ಟಿ ಹಲ್ಲುಜ್ಜುವ ಬ್ರಷ್, ಸಾಬೂನು ನೀರು.

ಹಳೆ ಹೆಂಚು · ಜುಲೈ 12

ಅಡೀನಿಯಂ ಚಿಗುರಿನಲ್ಲಿ ಹಳದಿ ಹೇನು ಕಂಡವರು ಹೊರಗಿನ ಎಕ್ಕದ ಗಿಡವನ್ನೂ ಕಣಗಿಲೆಯನ್ನೂ ನೋಡಿ, ಅದೇ ಹೇನು ಅಲ್ಲಿಯೂ ಇರುತ್ತದೆ. ನಲ್ಲಿಯ ಪೈಪಿನಿಂದ ರಭಸವಾಗಿ ನೀರು ಹಾಯಿಸಿದರೆ ಸಾಕು, ಅದಕ್ಕೆ ಮದ್ದೇ ಬೇಡ.

ಕುಂಜಿಬೆಟ್ಟು ದೊಡ್ಡಮ್ಮ · ಜುಲೈ 12

ನನ್ನ ಕಾಡುಬಸಳೆಯ ಎಲೆ ಒಳಗಿನಿಂದಲೇ ಖಾಲಿಯಾಗುತ್ತಿದೆ. ಮೇಲೆ ಸಿಪ್ಪೆ, ಒಳಗೆ ಗಾಳಿ, ಪುಟ್ಟ ತೂತಿನಲ್ಲಿ ಕಪ್ಪು ಹಿಕ್ಕೆ. ಇದು ಯಾರ ಕೆಲಸ?

ಮಂಗರವಳ್ಳಿ · ಜುಲೈ 12

ದೊಡ್ಡಮ್ಮ, ಅದು ರೆಡ್ ಪಿಯರೊ ಎಂಬ ಚಿಟ್ಟೆಯ ಮರಿ. ಎಲೆಯ ಎರಡು ಸಿಪ್ಪೆಯ ನಡುವೆ ಕೂತು ತಿರುಳು ತಿನ್ನುತ್ತದೆ. ನಿಮ್ಮ ಅಂಗಳದಲ್ಲಿ ಕಪ್ಪು ಬಿಳುಪು ರೆಕ್ಕೆಗೆ ಕಿತ್ತಳೆಗೆಂಪು ಅಂಚಿರುವ ಪುಟ್ಟ ಚಿಟ್ಟೆ ನೆಲಮಟ್ಟದಲ್ಲಿ ಹಾರುವುದನ್ನು ಕಂಡಿಲ್ಲವೇ? ಕಾಡುಬಸಳೆ ಎಲೆ ಬಿದ್ದಲ್ಲೆಲ್ಲ ಹುಟ್ಟುತ್ತದೆ, ಒಂದೆರಡು ಗಿಡ ಚಿಟ್ಟೆಗೆ ಬಿಡಬಹುದು.

ಕುಂಜಿಬೆಟ್ಟು ದೊಡ್ಡಮ್ಮ · ಜುಲೈ 12

ಹೌದು, ದಿನಾ ಕಾಣುತ್ತೇನೆ. ಚಂದ ಉಂಟು ಎಂದು ಮೊಮ್ಮಗನಿಗೆ ತೋರಿಸುತ್ತಿದ್ದೆ. ಕಳ್ಳನನ್ನೇ ಕರೆದು ಕೂರಿಸಿದಂತಾಯಿತು. ಇರಲಿ, ತಿನ್ನಲಿ.

ಬಿಜೈ ಬಾಲ್ಕನಿ · ಆಗಸ್ಟ್ 9

ಒಂದು ತಿಂಗಳ ವರದಿ. 34 ಕುಂಡಗಳಲ್ಲಿ 29 ಉಳಿದಿವೆ. ಎರಡು ಹಾವರ್ತಿಯಾಕ್ಕೆ ಬೇರೇ ಉಳಿದಿರಲಿಲ್ಲ. ಮೂರು ಎಚವೇರಿಯಾವನ್ನು ನಾನೇ ಅತಿಯಾಗಿ ತೊಳೆದು ಕೊಳೆಯಿಸಿದೆ, ಒಣಗಲು ಬಿಡಿ ಎಂದವರ ಮಾತು ಕೇಳದೆ ಎರಡನೆಯ ದಿನವೇ ನೆಟ್ಟದ್ದರ ಫಲ. ಅವುಗಳ ಎಲೆಗಳನ್ನು ಕಿತ್ತು ಒಣ ಹೆಂಚಿನ ಚೂರಿನ ಮೇಲೆ ಹರಡಿದ್ದೇನೆ, ಹನ್ನೊಂದು ಎಲೆಗಳಿಗೆ ಗುಲಾಬಿ ಬಣ್ಣದ ಬೇರು ಬಂದಿದೆ.

ಸಿಹಿ ಡಬ್ಬಿ ಇಟ್ಟ ಮೇಲೆ ಇರುವೆ ಮೂರು ದಿನ ಜಾತ್ರೆಯಂತೆ ಬಂದವು, ಆರನೆಯ ದಿನಕ್ಕೆ ಸಾಲು ತೆಳುವಾಯಿತು. ಎರಡು ವಾರ ನೆಮ್ಮದಿ. ಆಮೇಲೆ ಮತ್ತೆ ಒಂದು ಸಾಲು. ಈ ಸಲ ಸಿಂಪಡಿಸುವ ಬದಲು ಸ್ಟೂಲ್ ಹಾಕಿಕೊಂಡು ಕೂತೆ, ಅವು ಎಲ್ಲಿಗೆ ಹೋಗುತ್ತವೆ ಎಂದು ನೋಡುತ್ತ. ಕುಂಡದ ಸ್ಟ್ಯಾಂಡಿನಿಂದ ಇಳಿಯಲೇ ಇಲ್ಲ. ಮೇಲಕ್ಕೆ ಹತ್ತಿದವು. ಲೋಳೆಸರದ ಒಂದು ಎಲೆಯ ತುದಿ ಬಟ್ಟೆ ಒಣಗಿಸುವ ತಂತಿಗೆ ತಾಗಿತ್ತು. ತಂತಿಯ ಉದ್ದಕ್ಕೂ, ಕ್ಲಿಪ್ಪುಗಳನ್ನು ಒಂದೊಂದಾಗಿ ಸುತ್ತು ಹಾಕಿ, ಆ ತುದಿಗೆ. ಆ ತುದಿಯಲ್ಲಿ ತಂತಿ ಕಟ್ಟಿದ ಕೊಕ್ಕೆಗೆ ಒರಗಿದ್ದದ್ದು ನನ್ನ ದಾಸವಾಳದ ಕೊಂಬೆ. ಚಿಗುರು ಮುದುಡಿ ಗಂಟಾಗಿತ್ತು. ಬಿಡಿಸಿದರೆ ಒಳಗೆ ಬೆಳ್ಳಗೆ, ಕೆಳಗಿನ ಎಲೆಗಳ ಮೇಲೆ ಅಂಟು, ಅಂಟಿನ ಮೇಲೆ ಕಪ್ಪು ಬೂಷ್ಟು. ಎರಡು ತಿಂಗಳಿಂದ ಪೂಜೆಗೆ ಅದರಿಂದಲೇ ಹೂ ಕೊಯ್ಯುತ್ತಿದ್ದೇನೆ, ಕಣ್ಣಿಗೆ ಬಿದ್ದಿರಲಿಲ್ಲ. ಪಾಪದ ಸಕ್ಯುಲೆಂಟುಗಳಿಗೆ ಅರಿಶಿನ ಹಚ್ಚುತ್ತಿದ್ದೆ!

ಮುದುಡಿದ ಚಿಗುರನ್ನೆಲ್ಲ ಕತ್ತರಿಸಿ ಚೀಲಕ್ಕೆ ಕಟ್ಟಿ ಎಸೆದೆ. ದಾಸವಾಳವನ್ನು ಕೆಳಗೆ ಅಂಗಳಕ್ಕೆ ಇಳಿಸಿದೆ. ತಂತಿಯನ್ನು ಅರ್ಧ ಅಡಿ ಮೇಲಕ್ಕೆ ಕಟ್ಟಿಸಿದೆ.

ಬ್ರಹ್ಮಾವರದ ತೋಟಿಗ · ಆಗಸ್ಟ್ 9

ದಾಸವಾಳ ಹಿಟ್ಟು ತಿಗಣೆಗೆ ತವರುಮನೆ. ಮೊದಲ ದಿನವೇ ನೀವು ಮೂಲೆಯಲ್ಲಿ ದಾಸವಾಳ ಇದೆ ಎಂದು ಬರೆದಿದ್ದಿರಿ, ನಾನು ಓದಿ ದಾಟಿಹೋದೆ.

ಸುರತ್ಕಲ್ ಸಂಜೆ · ಆಗಸ್ಟ್ 9

ನಾನು ಹೇಳಿದ ಮದ್ದು ಹಾಕಿದ್ದರೂ ತಂತಿಯಲ್ಲಿ ವಾಪಸು ಬರುತ್ತಿದ್ದವು ಎಂದಾಯಿತು. ಸರಿ, ಸೋತೆ.

ಮಂಗರವಳ್ಳಿ · ಆಗಸ್ಟ್ 10

ಜೇಡ್ ಗಿಡದ ಎರಡು ಮರಿಗಳ ಕಥೆ ಏನು?

ಬಿಜೈ ಬಾಲ್ಕನಿ · ಆಗಸ್ಟ್ 10

ಜೇಡ್ ಕುಂಡವನ್ನು ದೊಡ್ಡಮ್ಮ ಹೇಳಿದಂತೆ ಸಾಬೂನು ನೀರಿನ ತಟ್ಟೆಯ ನಡುವೆ ಕಲ್ಲಿನ ಮೇಲೆ ಇಟ್ಟಿದ್ದೆ. ಹತ್ತು ದಿನದಲ್ಲಿ ಬಿಳಿ ಕಡಿಮೆಯಾಗುತ್ತ ಬಂದಿತು. ಆಮೇಲೆ ಒಂದು ಮರಿ ಕುಂಡದ ಅಂಚಿನ ಕೆಳಗೆ ಅಂಟಿಕೊಂಡು ಅಲುಗಾಡದೆ ಕೂತಿತು. ಸತ್ತಿತೆಂದುಕೊಂಡೆ. ಮೊನ್ನೆ ನೋಡಿದರೆ ಖಾಲಿ ಕವಚ. ಪಕ್ಕದ ಎಲೆಯ ಮೇಲೆ ಕಿತ್ತಳೆ ತಲೆಯ ಕಪ್ಪು ಹುಳು ಒಂದು. ಇನ್ನೊಂದು ಮರಿ ಎಲ್ಲಿ ಹೋಯಿತೋ, ಕಾಣಲಿಲ್ಲ. ಕೆಲಸಕ್ಕೆ ಬರುವ ಅಕ್ಕನಿಗೆ ಆ ಕುಂಡದ ಸುತ್ತ ಗುಡಿಸಬೇಡಿ ಎಂದು ಹೇಳಿದ್ದೇನೆ.

ಕುಂಜಿಬೆಟ್ಟು ದೊಡ್ಡಮ್ಮ · ಆಗಸ್ಟ್ 10

ಆ ಜೇಡ್ ಗಿಡದ ಒಂದು ಕಡ್ಡಿ ನನಗೂ ಬೇಕು. ಚೌತಿಗೆ ಮಗ ಮಂಗಳೂರಿಗೆ ಬರುತ್ತಾನೆ, ಅವನ ಕೈಯಲ್ಲಿ ಕೊಟ್ಟು ಕಳುಹಿಸು.

ಹಳೆ ಹೆಂಚು · ಆಗಸ್ಟ್ 10

ದೊಡ್ಡಮ್ಮ, ಒಂದು ತಿಂಗಳು ಬಚ್ಚಲ ಕಿಟಕಿ!